ಹಿರಿಯ ಕ್ಯಾಮೆರಾ, ಕಿರಿಯ ಕ್ಯಾಮೆರಾ: ಛಾಯಾಚಿತ್ರ ಸಾಕ್ಷ್ಯದ ಚರಿತ್ರೆಯಲ್ಲಿ ಗಾತ್ರದ ಪ್ರಶ್ನೆ

ಛಾಯಾಗ್ರಹಣದ ಚರಿತ್ರೆಯನ್ನು ಆವಿಷ್ಕಾರಗಳ ಪಟ್ಟಿಯಾಗಿ ಬರೆಯುವುದು ಬಹುಕಾಲದ ರೂಢಿ. ತಾಮ್ರದ ತಗಡಿನಿಂದ ಗಾಜಿಗೆ, ಗಾಜಿನಿಂದ ಫಿಲ್ಮ್ ಸುರುಳಿಗೆ, ಸುರುಳಿಯಿಂದ ಸಿಲಿಕಾನಿಗೆ ಎಂದು ಸಾಗುವ ಈ ನಿರೂಪಣೆಯಲ್ಲಿ ಪ್ರತಿಯೊಂದು ಹೊಸ ಸಾಧನವೂ ಹಿಂದಿನದನ್ನು ಬದಿಗೆ ಸರಿಸುತ್ತ ಬರುತ್ತದೆ. ಈ ಒಂದೇ ಗೆರೆಯ ಕಥನದಲ್ಲಿ ಮುಖ್ಯವಾದ ಸಂಗತಿಯೊಂದು ಮರೆಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಇತ್ತೀಚಿನವರೆಗೆ ಪ್ರತಿ ತಲೆಮಾರಿನಲ್ಲಿಯೂ ಎರಡು ಬಗೆಯ ಕ್ಯಾಮೆರಾಗಳು ಜೊತೆಜೊತೆಗೆ ಬಾಳಿವೆ. ಒಂದು ದೊಡ್ಡದು, ಭಾರವಾದದ್ದು, ತಿಳಿದವರ ಕೈಯಲ್ಲಿ ಇರುವಂಥದ್ದು. ಇನ್ನೊಂದು ಚಿಕ್ಕದು, ಅಗ್ಗದ್ದು, ಆಟಿಕೆಯೆಂದು ಹೀಗಳೆಯಲ್ಪಟ್ಟದ್ದು.

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಈ ಜೋಡಿ ಅತ್ಯಂತ ಸ್ಪಷ್ಟ ರೂಪವನ್ನು ಪಡೆಯಿತು. ಒಂದು ಕಡೆ ಉನ್ನತ ದರ್ಜೆಯ ಡಿಎಸ್‌ಎಲ್‌ಆರ್, ಎಂದರೆ ಕನ್ನಡಿಯ ಮೂಲಕ ಮಸೂರದೊಳಗಿಂದಲೇ ನೋಡುವ, ಮಸೂರಗಳನ್ನು ಬದಲಿಸಬಲ್ಲ ಡಿಜಿಟಲ್ ಕ್ಯಾಮೆರಾ. ಇನ್ನೊಂದು ಕಡೆ ಅಂಗಿಯ ಜೇಬಿನಲ್ಲಿ ಅಡಗುವ ಅತಿಚಿಕ್ಕ ಡಿಜಿಟಲ್ ಕ್ಯಾಮೆರಾ. ಆ ಕಾಲದ ಗ್ರಾಹಕನ ಮುಂದೆ ಇವೆರಡರಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಯಿತ್ತು. ಚರಿತ್ರೆಯ ವಿದ್ಯಾರ್ಥಿಯ ಪ್ರಶ್ನೆ ಬೇರೆ. ಯಾವ ಕ್ಯಾಮೆರಾ ಯಾವ ಬಗೆಯ ದಾಖಲೆಯನ್ನು ಉಳಿಸಿತು, ಆ ದಾಖಲೆಯನ್ನು ಮಾಡುವ ಅಧಿಕಾರ ಯಾರಿಗೆ ದೊರೆಯಿತು ಎಂಬುದನ್ನು ಅವನು ಕೇಳಬೇಕಾಗುತ್ತದೆ. ಪ್ರಸ್ತುತ ಪ್ರಬಂಧವು ಇವೆರಡು ಸಾಧನಗಳ ಹೋಲಿಕೆಯನ್ನು ಈ ದೃಷ್ಟಿಯಿಂದ, ಅವುಗಳ ಪೂರ್ವಜರನ್ನೂ ಗಮನದಲ್ಲಿರಿಸಿಕೊಂಡು ಪರಿಶೀಲಿಸುತ್ತದೆ.

ಬೆಳಕಿನ ಲೆಕ್ಕ

ಹೋಲಿಕೆಯನ್ನು ಭೌತಿಕ ಸಂಗತಿಗಳಿಂದಲೇ ಆರಂಭಿಸುವುದು ಯುಕ್ತ. 2004ರಲ್ಲಿ ಪ್ರಕಟವಾದ ಕ್ಯಾನನ್ ಇಒಎಸ್-1ಡಿಎಸ್ ಮಾರ್ಕ್ 2 ಆ ಕಾಲದ ಉನ್ನತ ಡಿಎಸ್‌ಎಲ್‌ಆರ್‌ಗೆ ಉತ್ತಮ ಉದಾಹರಣೆ. ಅದರ ಸಂವೇದಕದ ಅಳತೆ 36×24 ಮಿಲಿಮೀಟರ್, ಎಂದರೆ 864 ಚದರ ಮಿಲಿಮೀಟರ್. ಅದರಲ್ಲಿ 1 ಕೋಟಿ 67 ಲಕ್ಷ ಬಿಂದುಗಳಿದ್ದವು. ಅದೇ ಕಾಲದ 50 ಲಕ್ಷ ಬಿಂದುಗಳ ಕಿಸೆ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿದ್ದ ಸಂವೇದಕದ ಅಳತೆ ಸುಮಾರು 5.8×4.3 ಮಿಲಿಮೀಟರ್, ಎಂದರೆ ಸುಮಾರು 25 ಚದರ ಮಿಲಿಮೀಟರ್. ಮೊದಲನೆಯದು ಎರಡನೆಯದರ ಸುಮಾರು 35 ಪಟ್ಟು.

ಬಿಂದುಗಳ ಸಂಖ್ಯೆಯಲ್ಲಿ ಮೂರು ಪಟ್ಟು ಮಾತ್ರ ಇದ್ದ ಅಂತರ, ವಿಸ್ತೀರ್ಣದಲ್ಲಿ 35 ಪಟ್ಟಾಗಿರುವುದು ಇಲ್ಲಿ ಗಮನಾರ್ಹ. ಜಾಹೀರಾತುಗಳು ಮೆಗಾಪಿಕ್ಸೆಲ್ ಸಂಖ್ಯೆಯನ್ನು ಮಾತ್ರ ಸಾರುತ್ತಿದ್ದುದರಿಂದ ಈ ಅಂತರ ಬಳಕೆದಾರರ ಅರಿವಿಗೆ ಬರಲಿಲ್ಲ. ದೊಡ್ಡ ಸಂವೇದಕದ ಒಂದೊಂದು ಬಿಂದುವಿನ ಅಗಲ ಸುಮಾರು 7.2 ಮೈಕ್ರಾನ್, ಚಿಕ್ಕದರಲ್ಲಿ ಸುಮಾರು 2.2 ಮೈಕ್ರಾನ್. ಆದುದರಿಂದ ಒಂದೇ ಅಪರ್ಚರ್, ಒಂದೇ ಷಟರ್ ವೇಗದಲ್ಲಿ ದೊಡ್ಡ ಬಿಂದುವಿನ ಮೇಲೆ ಬೀಳುವ ಬೆಳಕು ಚಿಕ್ಕದರ ಮೇಲೆ ಬೀಳುವುದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಬೆಳಕು ಕಡಿಮೆಯಾದಂತೆ ಚಿತ್ರದಲ್ಲಿ ಕಾಣಿಸಿಕೊಳ್ಳುವ ಚುಕ್ಕೆಚುಕ್ಕೆಯಾದ ಮಬ್ಬು, ಛಾಯಾಗ್ರಾಹಕರು ನಾಯ್ಸ್ ಎಂದು ಕರೆಯುವ ದೋಷ, ಚಿಕ್ಕ ಕ್ಯಾಮೆರಾದಲ್ಲಿ ಬೇಗನೆ ತಲೆದೋರುವುದಕ್ಕೆ ಇದೇ ಕಾರಣ. ಇದು ತಯಾರಕರ ಅಸಡ್ಡೆಯಲ್ಲ, ನಿಸರ್ಗದ ನಿಯಮ.

ಎರಡನೆಯ ಅಂತರ ಕಾಲಕ್ಕೆ ಸಂಬಂಧಿಸಿದ್ದು. ಡಿಎಸ್‌ಎಲ್‌ಆರ್‌ನಲ್ಲಿ ನಾಭೀಕರಣಕ್ಕೆ ಪ್ರತ್ಯೇಕ ಸಂವೇದಕಗಳಿರುತ್ತವೆ. ಕನ್ನಡಿಯ ಮೂಲಕ ಅವುಗಳಿಗೆ ಬೆಳಕು ದೊರೆತು, ಮಸೂರ ಯಾವ ದಿಕ್ಕಿಗೆ ಎಷ್ಟು ಸರಿಯಬೇಕೆಂಬುದು ಒಂದೇ ಅಳತೆಯಲ್ಲಿ ತಿಳಿಯುತ್ತದೆ. ಕಿಸೆ ಕ್ಯಾಮೆರಾ ಮಸೂರವನ್ನು ಹಿಂದೆ ಮುಂದೆ ಸರಿಸಿ, ಚಿತ್ರ ಎಲ್ಲಿ ಸ್ಫುಟವಾಗುತ್ತದೆಂದು ಹುಡುಕಬೇಕಾಗಿತ್ತು. ಗುಂಡಿ ಒತ್ತಿದ ಮೇಲೆ ಚಿತ್ರ ದಾಖಲಾಗುವುದಕ್ಕೆ ಆರಂಭದ ಕಿಸೆ ಕ್ಯಾಮೆರಾಗಳು ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆಗೆದುಕೊಳ್ಳುತ್ತಿದ್ದವು. ವೃತ್ತಿಪರ ಡಿಎಸ್‌ಎಲ್‌ಆರ್‌ನಲ್ಲಿ ನಾಭೀಕರಣ ಮುಗಿದಿದ್ದರೆ ಈ ವಿಳಂಬ ಸೆಕೆಂಡಿನ ಹತ್ತನೆಯ ಒಂದಂಶಕ್ಕಿಂತಲೂ ಕಡಿಮೆ. ಮಗುವಿನ ನಗೆಯನ್ನು ಹಿಡಿಯಲು ಹೊರಟ ತಂದೆಗೆ ಅದು ಮುಖ ತಿರುಗಿಸಿದ ಚಿತ್ರ ದೊರೆಯುತ್ತಿದ್ದುದು ಈ ಒಂದು ಸೆಕೆಂಡಿನ ಫಲ.

ಆದರೆ ಚಿಕ್ಕ ಸಂವೇದಕದ ಮಿತಿಯೊಳಗೇ ಒಂದು ಗುಣವೂ ಅಡಗಿತ್ತು. ಅದರ ಮಸೂರದ ನಾಭಿದೂರ ಆರು ಮಿಲಿಮೀಟರಿನ ಆಸುಪಾಸಿನಲ್ಲಿದ್ದುದರಿಂದ ಹತ್ತಿರದ ಮುಖದಿಂದ ದೂರದ ಗೋಡೆಯವರೆಗೆ ಬಹುತೇಕ ಎಲ್ಲವೂ ಒಂದೇ ಬಾರಿಗೆ ಸ್ಫುಟವಾಗಿ ಮೂಡುತ್ತಿತ್ತು. ದೊಡ್ಡ ಸಂವೇದಕವು ಅಗಲವಾಗಿ ತೆರೆದ ಮಸೂರದೊಡನೆ ವ್ಯಕ್ತಿಯನ್ನು ಹಿನ್ನೆಲೆಯಿಂದ ಬಿಡಿಸಿ ತೋರಿಸುತ್ತದೆ. ಕಲೆಗೆ ಅದು ಭೂಷಣ. ಚಿಕ್ಕದು ಹಿನ್ನೆಲೆಯನ್ನು ಅಳಿಸಲಾರದು. ಗೋಡೆಯ ಮೇಲಿನ ಬರಹ, ಮೂಲೆಯಲ್ಲಿ ನಿಂತ ಇನ್ನೊಬ್ಬ, ನೆಲದ ಮೇಲೆ ಬಿದ್ದ ವಸ್ತು ಎಲ್ಲವನ್ನೂ ಅದು ವಿವೇಚನೆಯಿಲ್ಲದೆ ಬರೆದುಕೊಳ್ಳುತ್ತದೆ. ಸಾಕ್ಷ್ಯದ ದೃಷ್ಟಿಯಿಂದ ಈ ಅವಿವೇಚನೆ ಎಷ್ಟು ಬೆಲೆಯುಳ್ಳದ್ದು ಎಂಬುದು ಮುಂದೆ ಸ್ಪಷ್ಟವಾಗುವುದು.

ಹಂಪೆಯ ಕಾಗದದ ನೆಗೆಟಿವ್‌ಗಳು

ದೊಡ್ಡ ಕ್ಯಾಮೆರಾದ ಪರಂಪರೆಯನ್ನು ಅರಿಯಲು ಕರ್ನಾಟಕದಲ್ಲಿಯೇ ಅಪೂರ್ವ ಆಧಾರವೊಂದಿದೆ. 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ವಿಜಯನಗರದ ಅವಶೇಷಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. ಆ ಕಾಲದಲ್ಲಿ ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ವಿಧಾನ ಬಳಕೆಯಲ್ಲಿರಲಿಲ್ಲ. ಮುದ್ರಿತ ಚಿತ್ರ ಎಷ್ಟು ದೊಡ್ಡದಾಗಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು, ಕ್ಯಾಮೆರಾ ಅದಕ್ಕೆ ತಕ್ಕಷ್ಟು ದೊಡ್ಡದಿರಬೇಕು. ಗ್ರೀನ್‌ಲಾರ ನೆಗೆಟಿವ್‌ಗಳು ಒಂದು ಬದಿಗೆ ಸುಮಾರು 40 ಸೆಂಟಿಮೀಟರಿನಷ್ಟು ದೊಡ್ಡವು. ಅಂಥ ಕ್ಯಾಮೆರಾವನ್ನು ಹಂಪೆಯ ಬಂಡೆಗಳ ನಡುವೆ ಸಾಗಿಸಿ, ಮುಕ್ಕಾಲಿಯ ಮೇಲೆ ನಿಲ್ಲಿಸಿ, ಕಾಗದವನ್ನು ನಿಮಿಷಗಳ ಕಾಲ ಬೆಳಕಿಗೆ ಒಡ್ಡಬೇಕಾಗಿತ್ತು.

ಈ ಚಿತ್ರಗಳಲ್ಲಿ ಕಲ್ಲು ಇದೆ, ಜನಜೀವನದ ಚಲನೆಯಿಲ್ಲ. ಅದಕ್ಕೆ ಕಾರಣ ಹಂಪೆ ನಿರ್ಜನವಾಗಿದ್ದುದಲ್ಲ. ನಿಮಿಷಗಟ್ಟಲೆ ನಿಶ್ಚಲವಾಗಿ ನಿಲ್ಲದ ಯಾವುದನ್ನೂ ಆ ಕಾಗದ ದಾಖಲಿಸಲಾರದು. ಎದುರಿಗೆ ನಡೆದುಹೋದ ಮನುಷ್ಯನೂ ಮೇಯುತ್ತಿದ್ದ ದನವೂ ಗುರುತುಳಿಸದೆ ಕರಗಿಹೋದವು. ಹೀಗೆ ದೊಡ್ಡ ಕ್ಯಾಮೆರಾ ತನ್ನ ಸ್ವಭಾವದಿಂದಲೇ ಸ್ಮಾರಕಗಳ ಚರಿತ್ರೆಯನ್ನು ಬರೆಯಿತು, ಜನರ ಚರಿತ್ರೆಯನ್ನು ಬಿಟ್ಟುಬಿಟ್ಟಿತು.

ಅದು ಬರೆದದ್ದು ಮಾತ್ರ ಅಮೂಲ್ಯವಾದದ್ದು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ ಅದೇ ನೋಟಗಳನ್ನು ಮತ್ತೆ ಚಿತ್ರಿಸಿದರು. ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಯಾವ ಕಂಬ ಉರುಳಿದೆ, ಯಾವ ಭಾಗ ದುರಸ್ತಿಯಾಗಿದೆ ಎಂಬುದನ್ನು ಕಲ್ಲುಕಲ್ಲಾಗಿ ಎಣಿಸಬಹುದಾಯಿತು. ನಿಖರವಾದ ದೊಡ್ಡ ನೆಗೆಟಿವ್ ಇಲ್ಲದಿದ್ದರೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಂತರದ ಈ ತುಲನೆ ಸಾಧ್ಯವಾಗುತ್ತಿರಲಿಲ್ಲ. ತಾಳ್ಮೆ, ಅನುಮತಿ, ಸಿದ್ಧತೆ ಇವು ಮೂರೂ ದೊಡ್ಡ ಕ್ಯಾಮೆರಾದ ಲಕ್ಷಣಗಳು. ಅದನ್ನು ಬಚ್ಚಿಡುವಂತಿಲ್ಲ. ಅದರ ಮುಂದೆ ನಿಂತವನಿಗೆ ತನ್ನ ಚಿತ್ರ ತೆಗೆಯಲಾಗುತ್ತಿದೆ ಎಂಬುದು ತಿಳಿದೇ ಇರುತ್ತದೆ.

ಜೇಬಿಗೆ ಇಳಿದ ಕ್ಯಾಮೆರಾ

1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಕ್ಸ್ ಪ್ರಕಟಿಸಿದ ಒಣ ಜಿಲೆಟಿನ್ ಫಲಕದ ವಿಧಾನವು ಮುಂದಿನ ಒಂದು ದಶಕದಲ್ಲಿ ಸುಧಾರಣೆಗೊಂಡು, ಬೆಳಕಿಗೆ ಒಡ್ಡುವ ಅವಧಿಯನ್ನು ಸೆಕೆಂಡಿನ ಭಾಗಗಳಿಗೆ ಇಳಿಸಿತು. ಕ್ಯಾಮೆರಾಗೆ ಮುಕ್ಕಾಲಿಯ ಹಂಗು ತಪ್ಪಿತು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ 25 ಡಾಲರ್ ಬೆಲೆಯ ಕೊಡಾಕ್ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದರು. ಅದರೊಳಗೆ ನೂರು ಚಿತ್ರಗಳಿಗೆ ಸಾಕಾಗುವ ಸುರುಳಿ ಮೊದಲೇ ತುಂಬಿರುತ್ತಿತ್ತು. ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಿದರೆ ಚಿತ್ರಗಳನ್ನು ಮುದ್ರಿಸಿ, ಹೊಸ ಸುರುಳಿ ತುಂಬಿ ಹಿಂದಿರುಗಿಸುತ್ತಿದ್ದರು. 1900ರಲ್ಲಿ ಬಂದ ಬ್ರೌನಿಯ ಬೆಲೆ ಒಂದೇ ಡಾಲರ್.

ಇದರ ಮೊದಲ ಪರಿಣಾಮ ಹೆಮ್ಮೆಯದ್ದಲ್ಲ, ಆತಂಕದ್ದು. 1880ರ ದಶಕದಲ್ಲಿ ಪತ್ತೇದಾರಿ ಕ್ಯಾಮೆರಾಗಳೆಂಬ ಹೆಸರಿನಲ್ಲಿ ಅಂಗಿಯೊಳಗೆ ಅಡಗಿಸಿಡುವ ಸಾಧನಗಳೂ ಮಾರಾಟವಾದವು. 1890ರ ಡಿಸೆಂಬರ್‌ನಲ್ಲಿ ಸ್ಯಾಮ್ಯುಯೆಲ್ ವಾರನ್ ಮತ್ತು ಲೂಯಿ ಬ್ರಾಂಡೈಸ್ ಹಾರ್ವರ್ಡ್ ಕಾನೂನು ಪತ್ರಿಕೆಯಲ್ಲಿ ಖಾಸಗಿತನದ ಹಕ್ಕನ್ನು ಕುರಿತು ಬರೆದ ಪ್ರಸಿದ್ಧ ಲೇಖನದಲ್ಲಿ ಕ್ಷಣಾರ್ಧದಲ್ಲಿ ತೆಗೆಯುವ ಛಾಯಾಚಿತ್ರಗಳನ್ನು ಹೊಸ ಅಪಾಯಗಳಲ್ಲಿ ಒಂದಾಗಿ ಹೆಸರಿಸಿದರು. ಚಿತ್ರ ತೆಗೆಯಲು ಎದುರಿಗೆ ಕುಳಿತವನ ಸಮ್ಮತಿ ಬೇಕಾಗಿದ್ದ ಕಾಲ ಮುಗಿದಿದೆ ಎಂಬುದನ್ನು ಅವರು ಗುರುತಿಸಿದ್ದರು. ಆಧುನಿಕ ಖಾಸಗಿತನದ ಕಲ್ಪನೆಯ ಹುಟ್ಟಿನಲ್ಲಿ ಕಿರಿಯ ಕ್ಯಾಮೆರಾದ ಪಾಲಿದೆ ಎಂಬುದು ಮರೆಯಬಾರದ ಸಂಗತಿ.

ಎರಡನೆಯ ಪರಿಣಾಮ ಯುದ್ಧಭೂಮಿಯಲ್ಲಿ ಕಂಡಿತು. 1912ರಲ್ಲಿ ಬಂದ ವೆಸ್ಟ್ ಪಾಕೆಟ್ ಕೊಡಾಕ್ ಮಡಚಿದರೆ ಕೋಟಿನ ಜೇಬಿನಲ್ಲಿ ಸೇರುತ್ತಿತ್ತು. ಮೊದಲನೆಯ ಮಹಾಯುದ್ಧದ ಆರಂಭದಲ್ಲಿ ಅನೇಕ ಸೈನಿಕರು ಇಂಥ ಕ್ಯಾಮೆರಾಗಳನ್ನು ಒಯ್ದರು. ತಯಾರಕರೂ ಅದನ್ನು ಸೈನಿಕನ ಕ್ಯಾಮೆರಾ ಎಂದೇ ಪ್ರಚಾರ ಮಾಡಿದರು. 1914ರ ಕ್ರಿಸ್‌ಮಸ್‌ನಂದು ಪಶ್ಚಿಮ ರಂಗದ ಕೆಲವೆಡೆ ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಗುಂಡು ಹಾರಿಸುವುದನ್ನು ನಿಲ್ಲಿಸಿ, ಕಂದಕಗಳಿಂದ ಹೊರಬಂದು ಕೈಕುಲುಕಿದರು. ಅದನ್ನು ದಾಖಲಿಸಲು ಅಲ್ಲಿ ಅಧಿಕೃತ ಛಾಯಾಗ್ರಾಹಕರು ಇರಲಿಲ್ಲ. ಚಿತ್ರ ತೆಗೆದವರು ಸೈನಿಕರೇ. 1915ರ ಜನವರಿ 8ರಂದು ಲಂಡನ್ನಿನ ಡೈಲಿ ಮಿರರ್ ಪತ್ರಿಕೆಯ ಮುಖಪುಟದಲ್ಲಿ ಅಂಥ ಒಂದು ಚಿತ್ರ ಪ್ರಕಟವಾಯಿತು. ಶತ್ರುಗಳು ಭುಜಕ್ಕೆ ಭುಜ ತಾಗಿಸಿ ನಿಂತ ಆ ಸಾಧಾರಣ ಚಿತ್ರ ಯುದ್ಧದ ಅಧಿಕೃತ ಕಥನಕ್ಕೆ ಒಗ್ಗುವಂಥದ್ದಾಗಿರಲಿಲ್ಲ. ಸೈನಿಕರು ಖಾಸಗಿ ಕ್ಯಾಮೆರಾ ಇರಿಸಿಕೊಳ್ಳುವುದನ್ನು ಬ್ರಿಟಿಷ್ ಸೇನೆ 1915ರ ವಸಂತದ ಹೊತ್ತಿಗೆ ಕಟ್ಟುನಿಟ್ಟಾಗಿ ನಿಷೇಧಿಸಿತು. ಮುಂದೆ ಅಧಿಕೃತ ಛಾಯಾಗ್ರಾಹಕರ ನೇಮಕವಾಯಿತು. ಹಿರಿಯ ಕ್ಯಾಮೆರಾಗೆ ಪ್ರವೇಶಪತ್ರ ದೊರೆಯಿತು, ಕಿರಿಯದಕ್ಕೆ ಶಿಕ್ಷೆಯ ಭಯ ಒದಗಿತು.

ಸಣ್ಣ ನೆಗೆಟಿವ್ ಮತ್ತು ನಾಲ್ಕು ಚಿತ್ರಗಳು

ಚಿಕ್ಕ ಕ್ಯಾಮೆರಾ ಆಟಿಕೆಯಲ್ಲ ಎಂಬುದನ್ನು ವೃತ್ತಿಯವರು ಒಪ್ಪುವಂತೆ ಮಾಡಿದ್ದು ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದ ಲೈಟ್ಸ್ ಕಾರ್ಖಾನೆಯ ಓಸ್ಕರ್ ಬಾರ್ನಾಕ್. ಚಲನಚಿತ್ರದ 35 ಮಿಲಿಮೀಟರ್ ಸುರುಳಿಯ ಎರಡು ಚೌಕಟ್ಟುಗಳನ್ನು ಒಂದುಗೂಡಿಸಿ, 24×36 ಮಿಲಿಮೀಟರಿನ ನೆಗೆಟಿವ್ ಬಳಸುವ ಕ್ಯಾಮೆರಾವನ್ನು ಅವರು 1914ರ ಹೊತ್ತಿಗೆ ರೂಪಿಸಿದ್ದರು. ಯುದ್ಧದಿಂದಾಗಿ ತಡವಾಗಿ 1925ರ ಲೈಪ್‌ಸಿಗ್ ಜಾತ್ರೆಯಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಜನರ ಮುಂದೆ ಬಂದಿತು. ಡಿಎಸ್‌ಎಲ್‌ಆರ್ ಯುಗದಲ್ಲಿ ಪೂರ್ಣ ಚೌಕಟ್ಟು ಎಂದು ಗೌರವದಿಂದ ಕರೆಯಲಾದ ಅಳತೆಯೂ ಈ 24×36 ಮಿಲಿಮೀಟರೇ. ಅಂದು ತೀರ ಕಿರಿದೆಂದು ಅನುಮಾನಿಸಿದ ಅಳತೆ ಎಂಬತ್ತು ವರ್ಷಗಳಲ್ಲಿ ಹಿರಿದೆಂಬ ಪದವಿಗೆ ಏರಿತು. ಹಿರಿಯ, ಕಿರಿಯ ಎಂಬುವು ಸಾಪೇಕ್ಷ ಪದಗಳೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು.

ಕೈಯಲ್ಲಿ ಹಿಡಿಯುವ ಕ್ಯಾಮೆರಾಗಳಿಂದ ಛಾಯಾಪತ್ರಿಕೋದ್ಯಮ ಎಂಬ ವೃತ್ತಿಯೇ ಹೊಸ ರೂಪ ತಾಳಿತು. ಬರ್ಲಿನ್ನಿನ ಎರಿಕ್ ಸಾಲೊಮನ್ 1928ರಲ್ಲಿ ಟೊಪ್ಪಿಗೆಯೊಳಗೆ ಎರ್ಮನಾಕ್ಸ್ ಕ್ಯಾಮೆರಾವನ್ನು ಅಡಗಿಸಿ ನ್ಯಾಯಾಲಯದ ವಿಚಾರಣೆಯ ಚಿತ್ರ ತೆಗೆದರು; ರಾಜತಾಂತ್ರಿಕರ ಸಭೆಗಳನ್ನು ಅವರ ಅರಿವಿಗೆ ಬಾರದಂತೆ ಚಿತ್ರಿಸಿದರು. ಭಾರತದಲ್ಲಿಯೂ ಈ ಪರಂಪರೆ ಬೆಳೆಯಿತು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯರ ದಿನನಿತ್ಯದ ಬದುಕನ್ನೇ ತಮ್ಮ ವಸ್ತುವಾಗಿಸಿಕೊಂಡವರು. 1977ರಲ್ಲಿ ಪದ್ಮಶ್ರೀ ಪಡೆದ ಅವರ ಮಕ್ಕಳ ಚಿತ್ರಗಳು 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿತವಾದವು. ಗ್ರೀನ್‌ಲಾರ ಕಾಗದದಲ್ಲಿ ಗುರುತಿಲ್ಲದೆ ಕರಗಿಹೋದ ಜನಸಾಮಾನ್ಯರು ಸತ್ಯನ್ನರ ಚಿತ್ರಗಳಲ್ಲಿ ಮುಖವುಳ್ಳವರಾಗಿ ಮರಳಿಬಂದರು.

ಸಾಲೊಮನ್ 1944ರಲ್ಲಿ ಔಷ್ವಿಟ್ಸ್ ಶಿಬಿರದಲ್ಲಿ ಕೊಲೆಯಾದರು. ಅದೇ ವರ್ಷದ ಆಗಸ್ಟ್‌ನಲ್ಲಿ, ಅದೇ ಶಿಬಿರದಲ್ಲಿ, ಹೆಣ ಸುಡುವ ಕೆಲಸಕ್ಕೆ ಬಲವಂತವಾಗಿ ನೇಮಿಸಲ್ಪಟ್ಟಿದ್ದ ಕೈದಿಗಳ ಗುಂಪೊಂದು ಗುಟ್ಟಾಗಿ ಒಳತಂದ ಚಿಕ್ಕ ಕ್ಯಾಮೆರಾದಿಂದ ನಾಲ್ಕು ಚಿತ್ರಗಳನ್ನು ತೆಗೆಯಿತು. ಕ್ಯಾಮೆರಾ ಹಿಡಿದವನು ಗ್ರೀಸ್ ದೇಶದ ಯಹೂದಿ ಆಲ್ಬೆರ್ಟೊ ಎರೆರಾ ಎಂದು ಸಾಮಾನ್ಯವಾಗಿ ಗುರುತಿಸಲಾಗಿದೆ. ಸುರುಳಿಯನ್ನು ಹಲ್ಲುಜ್ಜುವ ಪೇಸ್ಟಿನ ಕೊಳವೆಯಲ್ಲಿ ಅಡಗಿಸಿ ಪೋಲೆಂಡಿನ ಪ್ರತಿರೋಧ ಸಂಘಟನೆಗೆ ತಲುಪಿಸಲಾಯಿತು. ಎರಡು ಚಿತ್ರಗಳಲ್ಲಿ ಕಪ್ಪು ಬಾಗಿಲಿನ ಚೌಕಟ್ಟಿನಾಚೆ ಹೆಣಗಳು ಉರಿಯುತ್ತಿರುವ ದೃಶ್ಯವಿದೆ. ಒಂದರಲ್ಲಿ ಮರಗಳ ಕೆಳಗೆ ಹೆಂಗಸರನ್ನು ವಿವಸ್ತ್ರಗೊಳಿಸಿ ಸಾಗಿಸುತ್ತಿರುವುದು ಓರೆಯಾಗಿ ಕಾಣುತ್ತದೆ. ನಾಲ್ಕನೆಯದರಲ್ಲಿ ಕೊಂಬೆಗಳೂ ಆಕಾಶವೂ ಮಾತ್ರ ಇವೆ. ಕಣ್ಣಿಗೆ ಹಿಡಿದು ನೋಡುವ ಅವಕಾಶವಿಲ್ಲದೆ, ಸೊಂಟದ ಮಟ್ಟದಿಂದ ತೆಗೆದ ಚಿತ್ರಗಳು ಇವು.

ತಾಂತ್ರಿಕ ಅಳತೆಗೋಲಿನಿಂದ ನೋಡಿದರೆ ಈ ನಾಲ್ಕೂ ಚಿತ್ರಗಳು ದೋಷಪೂರ್ಣ. ಹಲವಾರು ಪ್ರಕಟಣೆಗಳಲ್ಲಿ ಅವುಗಳ ಕಪ್ಪು ಅಂಚನ್ನು ಕತ್ತರಿಸಿ, ಓರೆಯನ್ನು ನೇರಗೊಳಿಸಿ, ಮುಖಗಳನ್ನು ತಿದ್ದಿ ಮುದ್ರಿಸಲಾಯಿತು. ಫ್ರಾನ್ಸಿನ ಕಲಾ ಇತಿಹಾಸಕಾರ ಜಾರ್ಜ್ ದಿದಿ-ಉಬರ್ಮನ್ 2003ರ ತಮ್ಮ ಗ್ರಂಥದಲ್ಲಿ ಈ ತಿದ್ದುಪಡಿಯನ್ನು ಬಲವಾಗಿ ಆಕ್ಷೇಪಿಸಿದರು. ಆ ಕಪ್ಪು ಅಂಚು ಚಿತ್ರ ತೆಗೆದವನು ನಿಂತಿದ್ದ ಕತ್ತಲ ಕೋಣೆ. ಆ ಓರೆ ಅವನಿಗಿದ್ದ ಅಪಾಯ. ಅವನ್ನು ಕತ್ತರಿಸಿದರೆ ದೋಷದ ಜೊತೆಗೆ ಸಾಕ್ಷ್ಯವೂ ಹೋಗುತ್ತದೆ. ಅಲ್ಲಿಗೆ ಹಿರಿಯ ಕ್ಯಾಮೆರಾ ಹೋಗಲು ಸಾಧ್ಯವಿರಲಿಲ್ಲ ಎಂಬ ಮಾತನ್ನು ವಿವರಿಸಬೇಕಾಗಿಲ್ಲ.

ಕನ್ನಡಿಯ ಪೆಟ್ಟಿಗೆ, ತೆಳುವಾದ ಬಿಲ್ಲೆ

ಡಿಜಿಟಲ್ ಯುಗದ ಎರಡೂ ಕ್ಯಾಮೆರಾಗಳ ಮೂಲ ಒಂದೇ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಎಂಬ ಸಾಧನ ಬೆಳಕನ್ನು ವಿದ್ಯುದಂಶಗಳಾಗಿ ಎಣಿಸುವ ದಾರಿ ತೆರೆಯಿತು. 2009ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ನಿರ್ಮಿಸಿದ ಪ್ರಾಯೋಗಿಕ ಕ್ಯಾಮೆರಾ ಸುಮಾರು 3.6 ಕಿಲೋಗ್ರಾಂ ತೂಗುತ್ತಿತ್ತು. ಕೇವಲ ಹತ್ತು ಸಾವಿರ ಬಿಂದುಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು ಅದಕ್ಕೆ 23 ಸೆಕೆಂಡು ಹಿಡಿಯುತ್ತಿತ್ತು.

ಕನ್ನಡಿಯ ಕ್ಯಾಮೆರಾ ಮಾತ್ರ ಇದಕ್ಕಿಂತ ಬಹಳ ಹಳೆಯದು. 1861ರಲ್ಲಿ ಥಾಮಸ್ ಸಟನ್ ಅದರ ತತ್ತ್ವಕ್ಕೆ ಪೇಟೆಂಟ್ ಪಡೆದಿದ್ದರು. 1936ರ ಕಿನೆ ಎಕ್ಸಾಕ್ಟಾ ಅದನ್ನು 35 ಮಿಲಿಮೀಟರ್ ಸುರುಳಿಗೆ ತಂದಿತು. 1949ರ ಕಾಂಟ್ಯಾಕ್ಸ್ ಎಸ್ ಐದು ಮುಖದ ಪಟ್ಟಕವನ್ನು ಸೇರಿಸಿ ನೇರ ನೋಟವನ್ನು ಒದಗಿಸಿತು. 1959ರ ನಿಕಾನ್ ಎಫ್ ಅದನ್ನು ವೃತ್ತಿಪರರ ಸಾಧನವಾಗಿ ನೆಲೆಗೊಳಿಸಿತು. 1991ರಲ್ಲಿ ಕೊಡಾಕ್ ಇದೇ ಪರಂಪರೆಯ ನಿಕಾನ್ ಎಫ್3 ಒಡಲಿಗೆ 13 ಲಕ್ಷ ಬಿಂದುಗಳ ಸಂವೇದಕವನ್ನು ಜೋಡಿಸಿ ಡಿಸಿಎಸ್ ಎಂಬ ಮೊದಲ ವಾಣಿಜ್ಯ ಡಿಎಸ್‌ಎಲ್‌ಆರ್ ಮಾರಿತು. ಚಿತ್ರಗಳನ್ನು ತುಂಬಿಡುವ ಪೆಟ್ಟಿಗೆಯನ್ನು ಬೇರೆಯಾಗಿ ಹೆಗಲಿಗೆ ನೇತುಹಾಕಿಕೊಳ್ಳಬೇಕಾಗಿತ್ತು. 1999ರ ನಿಕಾನ್ ಡಿ1 ಪತ್ರಿಕಾಲಯಗಳಿಗೆ ಡಿಜಿಟಲ್ ಅನ್ನು ಕೈಗೆಟುಕಿಸಿತು. 2003ರ ಕ್ಯಾನನ್ ಇಒಎಸ್ 300ಡಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಬಂದು ಹವ್ಯಾಸಿಗಳಿಗೂ ಈ ಬಾಗಿಲನ್ನು ತೆರೆಯಿತು.

ಇದೇ ವರ್ಷಗಳಲ್ಲಿ ಇನ್ನೊಂದು ದಿಕ್ಕಿನ ಸ್ಪರ್ಧೆಯೂ ನಡೆದಿತ್ತು. 2002ರ ಕ್ಯಾಸಿಯೊ ಎಕ್ಸಿಲಿಮ್ ಇಎಕ್ಸ್-ಎಸ್1 ಕೇವಲ 11.3 ಮಿಲಿಮೀಟರ್ ದಪ್ಪವಿತ್ತು. ಅದೇ ವರ್ಷದ ಮಿನೋಲ್ಟಾ ಡಿಮಾಜ್ ಎಕ್ಸ್ ಪಟ್ಟಕದ ಮೂಲಕ ಬೆಳಕನ್ನು ಲಂಬಕೋನದಲ್ಲಿ ತಿರುಗಿಸಿ, ಮಸೂರಗಳ ಸಾಲನ್ನು ಒಡಲೊಳಗೆ ನೆಟ್ಟಗೆ ನಿಲ್ಲಿಸಿತು; ಹೀಗಾಗಿ ಮಸೂರ ಹೊರಗೆ ಚಾಚುವ ಅಗತ್ಯವೇ ಬೀಳಲಿಲ್ಲ. 2003ರ ಪೆಂಟ್ಯಾಕ್ಸ್ ಆಪ್ಟಿಯೊ ಎಸ್ ಕ್ಯಾಮೆರಾ ಮುಚ್ಚಿಕೊಳ್ಳುವಾಗ ಮಸೂರಗಳ ಒಂದು ಗುಂಪು ಪಕ್ಕಕ್ಕೆ ಸರಿದು ಉಳಿದವುಗಳಿಗೆ ಎಡೆಮಾಡಿಕೊಡುತ್ತಿತ್ತು. ಡಿಎಸ್‌ಎಲ್‌ಆರ್ ಹಿಂದೆ ಎಷ್ಟು ಯಂತ್ರಕೌಶಲವಿತ್ತೋ ಈ ಬಿಲ್ಲೆಗಳ ಹಿಂದೆಯೂ ಅಷ್ಟೇ ಕೌಶಲವಿತ್ತು. ಆದರೆ ಅದರ ಗುರಿ ಬೇರೆ. ಮೊದಲನೆಯದು ಬೆಳಕನ್ನು ಹೆಚ್ಚಿಸಲು ಶ್ರಮಿಸಿದರೆ ಎರಡನೆಯದು ಕ್ಯಾಮೆರಾವನ್ನು ಸದಾ ಜೊತೆಯಲ್ಲಿರಿಸಲು ಶ್ರಮಿಸಿತು.

2003ರ ಎರಡು ಪ್ರಸಂಗಗಳು

ಈ ಎರಡು ಗುರಿಗಳ ಪರಿಣಾಮವನ್ನು 2003ರ ಇರಾಕ್ ಯುದ್ಧದ ಎರಡು ಪ್ರಸಂಗಗಳು ಒಟ್ಟಿಗೆ ತೋರಿಸುತ್ತವೆ. ಆ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಪ್ರಮುಖ ಪತ್ರಿಕೆಯೊಂದು ತನ್ನ ಅನುಭವಿ ಛಾಯಾಗ್ರಾಹಕನನ್ನು ಕೆಲಸದಿಂದ ತೆಗೆದುಹಾಕಿತು. ಬಸ್ರಾ ಸಮೀಪದಲ್ಲಿ ತಾನೇ ತೆಗೆದ ಎರಡು ಡಿಜಿಟಲ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಸೈನಿಕನ ಭಂಗಿಯೂ ಜನರ ಗುಂಪೂ ಸೊಗಸಾಗಿ ಹೊಂದುವಂಥ ಒಂದೇ ಚಿತ್ರವನ್ನು ಆತ ಕಳುಹಿಸಿದ್ದ. ಗುಂಪಿನಲ್ಲಿ ಕೆಲವರು ಎರಡು ಬಾರಿ ಕಾಣಿಸಿಕೊಂಡದ್ದರಿಂದ ಕೃತಕತೆ ಬಯಲಾಯಿತು. ಪರಿಣತಿ, ಪರವಾನಗಿ, ಉತ್ತಮ ಉಪಕರಣ ಇವು ಸತ್ಯದ ಖಾತರಿಯಲ್ಲ ಎಂಬುದನ್ನು ಈ ಪ್ರಸಂಗ ತೋರಿಸಿಕೊಟ್ಟಿತು.

ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಬಾಗ್ದಾದ್ ಬಳಿಯ ಅಬು ಘ್ರೈಬ್ ಸೆರೆಮನೆಯಲ್ಲಿ ಅಮೆರಿಕದ ಸೈನಿಕರು ತಮ್ಮ ಸ್ವಂತದ ಸಾಧಾರಣ ಡಿಜಿಟಲ್ ಕ್ಯಾಮೆರಾಗಳಿಂದ ಕೈದಿಗಳ ಮೇಲಿನ ಚಿತ್ರಹಿಂಸೆಯನ್ನು ಚಿತ್ರಿಸಿದರು. ತೆಗೆದವರಲ್ಲಿ ತಪ್ಪಿತಸ್ಥರೂ ಇದ್ದರು. ಸಾಕ್ಷ್ಯ ಒದಗಿಸುವುದು ಅವರೆಲ್ಲರ ಉದ್ದೇಶವಾಗಿರಲಿಲ್ಲ. 2004ರ ಜನವರಿಯಲ್ಲಿ ಒಬ್ಬ ಸೈನಿಕ ಈ ಚಿತ್ರಗಳಿದ್ದ ಸಿ.ಡಿ.ಯನ್ನು ಸೇನೆಯ ತನಿಖಾಧಿಕಾರಿಗಳಿಗೆ ಒಪ್ಪಿಸಿದ. ಏಪ್ರಿಲ್ 28ರಂದು ಸಿಬಿಎಸ್ ದೂರದರ್ಶನ ಅವನ್ನು ಪ್ರಸಾರ ಮಾಡಿತು. ಮೇ 7ರಂದು ಸಂಸತ್ ಸಮಿತಿಗಳ ಮುಂದೆ ಹಾಜರಾದ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್, ಸೈನಿಕರು ಡಿಜಿಟಲ್ ಕ್ಯಾಮೆರಾ ಹಿಡಿದು ಓಡಾಡುತ್ತ ಚಿತ್ರಗಳನ್ನು ಹಂಚುವ ಹೊಸ ಕಾಲ ಬಂದಿದೆಯೆಂದು ಬೇಸರ ವ್ಯಕ್ತಪಡಿಸಿದರು. ಎಂಬತ್ತೊಂಬತ್ತು ವರ್ಷಗಳ ಹಿಂದೆ ಬ್ರಿಟಿಷ್ ಸೇನೆ ಅನುಭವಿಸಿದ ಮುಜುಗರವೇ ಮರುಕಳಿಸಿತ್ತು. ಈ ಬಾರಿ ಚಿತ್ರಗಳು ಆಗಲೇ ಕೈದಾಟಿದ್ದವು.

ತನಿಖೆಯ ವಿಧಾನ ಇಲ್ಲಿ ವಿಶೇಷವಾಗಿ ಗಮನಾರ್ಹ. ಪ್ರತಿಯೊಂದು ಡಿಜಿಟಲ್ ಕ್ಯಾಮೆರಾವೂ ಚಿತ್ರದ ಕಡತದೊಳಗೆ ತನ್ನ ಮಾದರಿ, ದಿನಾಂಕ, ವೇಳೆ ಮುಂತಾದುವನ್ನು ಬರೆಯುತ್ತದೆ. ಸೈನಿಕರ ಕ್ಯಾಮೆರಾಗಳ ಗಡಿಯಾರಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಒಂದೇ ಘಟನೆಯನ್ನು ಬೇರೆಬೇರೆ ಕ್ಯಾಮೆರಾಗಳು ದಾಖಲಿಸಿದ್ದ ಚಿತ್ರಗಳನ್ನು ಹೋಲಿಸಿ, ಗಡಿಯಾರಗಳ ವ್ಯತ್ಯಾಸವನ್ನು ಕಳೆದು, ತನಿಖೆಗಾರರು ಘಟನೆಗಳ ಕಾಲಾನುಕ್ರಮವನ್ನು ಸಿದ್ಧಪಡಿಸಿದರು. ಯಾವ ರಾತ್ರಿ, ಯಾವ ಮೊಗಸಾಲೆಯಲ್ಲಿ, ಯಾರು ಹಾಜರಿದ್ದರು ಎಂಬುದನ್ನು ಹಿನ್ನೆಲೆಯನ್ನೂ ಬಿಡದ ಆ ಚಿಕ್ಕ ಮಸೂರಗಳು ಹೇಳಿದವು. ಶಾಸನದ ಪಾಠವನ್ನು ಅದರ ಲಿಪಿ, ತಿಥಿ, ಸ್ಥಳಗಳಿಂದ ಪರಿಶೀಲಿಸುವ ಶಾಸನತಜ್ಞನ ಕ್ರಮಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಅಸ್ತಮಾನ ಮತ್ತು ಉಳಿದ ಪ್ರಶ್ನೆ

ಈ ಜೋಡಿಯ ಬಾಳು ದೀರ್ಘವಾಗಲಿಲ್ಲ. ಜಪಾನಿನ ಕ್ಯಾಮೆರಾ ಉತ್ಪಾದಕರ ಸಂಘದ ಅಂಕಿಅಂಶಗಳಂತೆ 2010ರಲ್ಲಿ ಜಗತ್ತಿನ ಮಾರುಕಟ್ಟೆಗೆ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳ ಸಂಖ್ಯೆ 12 ಕೋಟಿಯನ್ನು ಮೀರಿತ್ತು. ಅವುಗಳಲ್ಲಿ ಹತ್ತು ಕೋಟಿಗೂ ಹೆಚ್ಚು ಮಸೂರ ಬದಲಿಸಲಾಗದ ಚಿಕ್ಕ ಕ್ಯಾಮೆರಾಗಳು. 2020ರ ಹೊತ್ತಿಗೆ ಒಟ್ಟು ಸಂಖ್ಯೆ 90 ಲಕ್ಷಕ್ಕಿಂತ ಕೆಳಗಿಳಿಯಿತು. 2007ರ ನಂತರದ ಸ್ಮಾರ್ಟ್‌ಫೋನುಗಳು ಕಿಸೆ ಕ್ಯಾಮೆರಾದ ಸ್ಥಾನವನ್ನು ಕಸಿದುಕೊಂಡವು. ಸದಾ ಜೊತೆಯಲ್ಲಿರಬೇಕೆಂಬ ಅದರ ಗುರಿಯನ್ನು ಅದಕ್ಕಿಂತ ಪೂರ್ಣವಾಗಿ ಸಾಧಿಸಿದ್ದು ಫೋನು. ಡಿಎಸ್‌ಎಲ್‌ಆರ್‌ನ ಕನ್ನಡಿಯೂ ಉಳಿಯಲಿಲ್ಲ. ಕನ್ನಡಿಯಿಲ್ಲದ, ಆದರೆ ಅದೇ ದೊಡ್ಡ ಸಂವೇದಕವುಳ್ಳ ಕ್ಯಾಮೆರಾಗಳ ರವಾನೆ 2020ರಲ್ಲಿ ಡಿಎಸ್‌ಎಲ್‌ಆರ್‌ನದನ್ನು ಮೀರಿತು. ಇಬ್ಬರೂ ತೆರೆಮರೆಗೆ ಸರಿದರೂ ಅವರ ಪಾತ್ರಗಳು ಮುಂದುವರಿದಿವೆ.

ಹೊಸ ಕಿರಿಯ ಕ್ಯಾಮೆರಾ ಹೊಸ ತೊಡಕನ್ನು ಒಡ್ಡಿದೆ. ಚಿಕ್ಕ ಸಂವೇದಕಕ್ಕೆ ದಕ್ಕುವ ಬೆಳಕು ಕಡಿಮೆಯೆಂಬ ನಿಯಮ ಇಂದಿಗೂ ಬದಲಾಗಿಲ್ಲ. ಫೋನು ಆ ಕೊರತೆಯನ್ನು ಲೆಕ್ಕಾಚಾರದಿಂದ ತುಂಬುತ್ತದೆ. ಒಂದು ಬಾರಿ ಒತ್ತಿದಾಗ ಹಲವು ಚಿತ್ರಗಳನ್ನು ತೆಗೆದು, ಹೊಂದಿಸಿ, ಬೆರೆಸಿ ಒಂದಾಗಿಸುತ್ತದೆ. 2023ರಲ್ಲಿ ಒಂದು ಫೋನು ಚಂದ್ರನ ಮಬ್ಬು ಚಿತ್ರಕ್ಕೆ ಮಸೂರ ಕಾಣದ ವಿವರಗಳನ್ನು ಸೇರಿಸುತ್ತದೆಯೆಂಬ ವಿವಾದ ಎದ್ದಿತು. 2003ರಲ್ಲಿ ಎರಡು ಚಿತ್ರಗಳನ್ನು ಜೋಡಿಸಿದ ಛಾಯಾಗ್ರಾಹಕ ಕೆಲಸ ಕಳೆದುಕೊಂಡ. ಇಂದು ಹಲವು ಚಿತ್ರಗಳ ಜೋಡಣೆ ಪ್ರತಿಯೊಬ್ಬರ ಜೇಬಿನಲ್ಲಿ ತಾನಾಗಿಯೇ ನಡೆಯುತ್ತದೆ. ಎರಡೂ ಒಂದೇ ಬಗೆಯ ತಪ್ಪೆಂದು ಹೇಳಲಾಗದು. ಫೋನು ಬೆರೆಸುವುದು ಬಹುಮಟ್ಟಿಗೆ ಒಂದೇ ಕ್ಷಣದ, ಒಂದೇ ದೃಶ್ಯದ ಬೆಳಕನ್ನು. ಆದರೂ ಗೆರೆ ಎಲ್ಲಿದೆಯೆಂಬುದು ಹಿಂದಿನಷ್ಟು ಸ್ಪಷ್ಟವಾಗಿಲ್ಲ. ಡಿಎಸ್‌ಎಲ್‌ಆರ್ ಉಳಿಸುವ ಕಚ್ಚಾ ಕಡತ, ಸಂವೇದಕ ಎಣಿಸಿದ ಬೆಳಕಿಗೆ ಅತಿ ಹತ್ತಿರವಾದ ದಾಖಲೆ, ಈ ಕಾರಣದಿಂದಲೇ ಹೊಸ ಮಹತ್ತ್ವವನ್ನು ಪಡೆದಿದೆ. ಭಾರತದ ಕಾನೂನೂ ಈ ಪ್ರಶ್ನೆಯನ್ನು ಬಿಟ್ಟಿಲ್ಲ. 2000ದಲ್ಲಿ ಸಾಕ್ಷ್ಯ ಅಧಿನಿಯಮಕ್ಕೆ ಸೇರಿದ 65ಬಿ ಕಲಮು, 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು, ಎರಡೂ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವನ್ನು ಬೇಡುತ್ತವೆ.

ಮೇಲಿನ ಪರಿಶೀಲನೆಯಿಂದ ಹೊರಡುವ ನಿಲುವು ಇಷ್ಟು. ಹಿರಿಯ ಕ್ಯಾಮೆರಾ ಉತ್ತಮ ಚಿತ್ರವನ್ನೂ ಕಿರಿಯದು ಕಳಪೆ ಚಿತ್ರವನ್ನೂ ಕೊಡುತ್ತದೆ ಎಂಬ ಹೋಲಿಕೆ ಭೌತಶಾಸ್ತ್ರದ ಮಟ್ಟಿಗೆ ನಿಜ, ಚರಿತ್ರೆಯ ಮಟ್ಟಿಗೆ ಅಪೂರ್ಣ. ಅನುಮತಿ ದೊರೆತಲ್ಲಿ ಹಿರಿಯದು ನಿಖರವಾಗಿ ಬರೆಯುತ್ತದೆ. ಅನುಮತಿ ದೊರೆಯದಲ್ಲಿ ಕಿರಿಯದು ಹೇಗೋ ಬರೆಯುತ್ತದೆ. ಹಂಪೆಯ ಯಾವ ಕಲ್ಲು ಯಾವಾಗ ಉರುಳಿತೆಂದು ತಿಳಿಯಲು ಮೊದಲನೆಯದು ಬೇಕು. 1914ರ ಆ ಹಬ್ಬದ ದಿನ ಗುಂಡಿನ ಸದ್ದು ನಿಂತಿತ್ತೆಂದು ಕಣ್ಣಾರೆ ಕಾಣಲು ಎರಡನೆಯದು ಬೇಕು.

ಈ ಕಾರಣದಿಂದ ದಾಖಲೆಗಳನ್ನು ಕಾಯುವವರ ಹೊಣೆ ಹೆಚ್ಚಿದೆ. ಗ್ರೀನ್‌ಲಾರ ಮೇಣದ ಕಾಗದ ಒಂದೂವರೆ ಶತಮಾನವನ್ನು ದಾಟಿ ಉಳಿದಿದೆ. 2000ದ ದಶಕದ ಕಿಸೆ ಕ್ಯಾಮೆರಾಗಳು ತೆಗೆದ ಮದುವೆ, ಜಾತ್ರೆ, ಮುಷ್ಕರ, ನೆರೆಹಾವಳಿಗಳ ಚಿತ್ರಗಳು ಹಳೆಯ ಮೆಮರಿ ಕಾರ್ಡುಗಳಲ್ಲಿ, ಗೀಚುಬಿದ್ದ ಸಿ.ಡಿ.ಗಳಲ್ಲಿ, ಓಡದ ಹಾರ್ಡ್‌ಡಿಸ್ಕುಗಳಲ್ಲಿ ಚದುರಿವೆ. ಬಿಂದುಗಳು ಕಡಿಮೆ, ಮಬ್ಬಾಗಿದೆ, ಓರೆಯಾಗಿದೆ ಎಂಬ ಕಾರಣಕ್ಕೆ ಅವನ್ನು ಕೈಬಿಡುವುದು ತರವಲ್ಲ. ಮೂಲ ಕಡತವನ್ನು ಅದರ ದಿನಾಂಕ, ವೇಳೆ, ಅಂಚುಗಳ ಸಹಿತ ತಿದ್ದದೆ ಉಳಿಸುವುದು ಅವಶ್ಯ. ಔಷ್ವಿಟ್ಸಿನ ನಾಲ್ಕನೆಯ ಚಿತ್ರದಲ್ಲಿ ಕೊಂಬೆ ಮತ್ತು ಆಕಾಶವನ್ನು ಬಿಟ್ಟರೆ ಏನೂ ಇಲ್ಲ. ಅದನ್ನು ವಿಫಲ ಚಿತ್ರವೆಂದು ಎಸೆದಿದ್ದರೆ, ಗುರಿಯನ್ನು ನೋಡಲೂ ಬಿಡುವಿಲ್ಲದ ಅವಸರದಲ್ಲಿ ಆ ಗುಂಡಿಯನ್ನು ಒತ್ತಿದ ಕೈಯ ಗುರುತು ಇಲ್ಲವಾಗುತ್ತಿತ್ತು.